ತಮ್ಮ ಓದಾಕತ್ತಾನ

ನಾವು ಅಕ್ಕ-ತಂಗಿ ಸಿಂಧನೂರು ಕಡೆಯವರು ಅಂದ ಕೂಡಲೇ ಹಾಸ್ಟೆಲಿನಲ್ಲಿ ಎಲ್ಲರೂ ‘ಓ, ಸೋನಾ ಮಸೂರಿ!’ ಅಂತಾರೆ. ಲಿಂಗಸುಗೂರು ಅಂದರೆ ಹಟ್ಟಿ ಚಿನ್ನದ ಗಣಿ ನೆನಪಾಗುತ್ತೆ. ನಡುವೆ ಸಿಗುವ ಮಸ್ಕಿಯನ್ನು ಯಾರೂ ಕೇಳೋದಿಲ್ಲ. ನಾವೂ ಅದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇ ಹೆಚ್ಚು. ಈ ವರ್ಷ ನಮ್ಮ ಮನೆಯ ಖುಷಿ ಮಾತ್ರ ಮಸ್ಕಿಯಿಂದಲೇ ಶುರುವಾಯಿತು.

ನಮಗೊಬ್ಬ ತಮ್ಮ, ಈಗ ಒಂಬತ್ತನೇ ಕ್ಲಾಸು. ಗದ್ದೆಗೆ ನೀರು ಕಟ್ಟು ಅಂದರೆ ಓಡುವವನು, ಪುಸ್ತಕ ತೆಗಿ ಅಂದರೆ ಹೊಟ್ಟೆನೋವು ಅನ್ನುವವನು. ಎಂಟನೇ ಕ್ಲಾಸಿನ ಒಂದು ಟೆಸ್ಟಿನಲ್ಲಿ ಗಣಿತಕ್ಕೆ 20ಕ್ಕೆ 3. ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ. ಮೇಲಿನವರು ಬಿಟ್ಟು ಉಳಿದ ನೀರು ನಮಗೆ. ಎರಡನೇ ಬೆಳೆ ಕೈಗೆ ಬರದ ವರ್ಷ ನಮ್ಮಿಬ್ಬರ ಫೀಸು ಕಟ್ಟೋದೇ ಅಪ್ಪನಿಗೆ ಕಷ್ಟ. ಹೋದ ಬೇಸಿಗೆಯಲ್ಲಿ ಅಪ್ಪ, ‘ಇವನ್ನ ಸಾಲಿ ಬಿಡಿಸಿ ಟ್ರ್ಯಾಕ್ಟರ್ ಮ್ಯಾಲ ಕುಂದ್ರಿಸ್ತೀನಿ, ಹೆಂಗೂ ಓದಂಗಿಲ್ಲ’ ಅಂದ. ಅವ್ವ ಅತ್ತಳು. ನಾವು ಸುಮ್ಮನಿದ್ದೆವು. ಒಳಗೊಳಗೇ ನಮ್ಮ ಫೀಸಿನ ಲೆಕ್ಕ ಹಾಕುತ್ತಿದ್ದೆವು.

ಮೇ ಕೊನೆಗೆ ಲಿಂಗಸುಗೂರಿನ ಅತ್ತೆ ಮನೆಗೆ ಹೊರಟಾಗ ತಮ್ಮನೂ ಬಂದ. ಮಸ್ಕಿಯಲ್ಲಿ ಇಳಿದು ಅಶೋಕನ ಶಾಸನ ನೋಡಿ ಮುಂದಿನ ಬಸ್ಸಿಗೆ ಹೋಗೋಣ ಅಂತ ನಡೆದೆವು. ಅಲ್ಲಿ ನೋಡಿದರೆ ಒಂದು ಬಂಡೆ, ಮೇಲೆ ಸವೆದ ಗೀರುಗಳು. ‘ಇದ್ರಾಗೇನೈತಿ?’ ಅಂದ ತಮ್ಮ. ಗೊತ್ತಿದ್ದಷ್ಟು ಹೇಳಿದೆವು. 1915ರಲ್ಲಿ ಬೀಡನ್ ಅನ್ನೋ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತಾ ಬಂದು ಇದನ್ನು ಕಂಡ. ಅಲ್ಲಿವರೆಗೆ ಸಿಕ್ಕಿದ್ದ ಈ ರಾಜನ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅಂತಷ್ಟೇ ಇತ್ತು. ಇಲ್ಲಿ ‘ಅಸೋಕ’ ಅಂತ ಹೆಸರೇ ಇದೆ. ಆ ರಾಜ ಅಶೋಕನೇ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಿದ್ದು ನಮ್ಮ ಜಿಲ್ಲೆಯಲ್ಲಿ!

ಮೊಬೈಲಿನಲ್ಲಿ ಬ್ರಾಹ್ಮಿ ಅಕ್ಷರಗಳ ಚಾರ್ಟ್ ತೆಗೆದು ಅವನ ಕೈಗೆ ಕೊಟ್ಟೆವು. ನಿಜ ಹೇಳಬೇಕಂದ್ರೆ, ಬಸ್ಸು ಬರೋವರೆಗೆ ಸುಮ್ಮನಿರಲಿ ಅಂತ. ‘ಅಕ್ಕಾ, ಲೆಕ್ಕದಾಗ ಕೂಡಿಸೋ ಗುರುತು ಐತಲ್ಲ, ಅದು ಇಲ್ಲಿ ಕ!’ ಅಂತ ಕೂಗಿದ. ‘ಗ’ ಗುಡಿಸಲಿನ ಚಾವಣಿಯ ಹಾಗೆ. ‘ಠ’ ಬರೀ ಸೊನ್ನೆ, ನಮ್ಮ ಈಗಿನ ಠ ಒಳಗೆ ಒಂದು ಚುಕ್ಕೆ ಇಟ್ಟುಕೊಂಡಿದೆ, ಅಷ್ಟೇ. ಲಿಂಗಸುಗೂರು ಬರೋದ್ರೊಳಗೆ ಬಸ್ ಟಿಕೆಟ್ಟಿನ ಹಿಂದೆ ತನ್ನ ಹೆಸರು ಬರೆದಿದ್ದ.

ಊರಿಗೆ ಬಂದ ಮೇಲೆ ಮನೆಯ ಗೋಡೆಯೆಲ್ಲ ಅಕ್ಷರ. ಜೂನ್‌ನಲ್ಲಿ ‘ನಾ ಸಾಲಿಗಿ ಹೋಗ್ತೀನಿ’ ಅಂತ ತಾನೇ ಬ್ಯಾಗು ಹುಡುಕಿದ. ಸಮಾಜ ವಿಜ್ಞಾನದ ಮೇಷ್ಟ್ರು ಅವನಿಂದ ಬೋರ್ಡಿನ ಮೇಲೆ ಬ್ರಾಹ್ಮಿ ಬರೆಸಿದರು. ಬೋರ್ಡಿನ ಹತ್ತಿರ ಕರೆದರೆ ಏಟು ತಿನ್ನೋದಕ್ಕೆ ಅಂತಲೇ ತಿಳಿದಿದ್ದ ಹುಡುಗ ಅವನು. ಒಂದಿನ ಫೋನಿನಲ್ಲಿ, ‘ಗಣಿತಾನೂ ಹಂಗ ಅಲ್ಲೇನಕ್ಕಾ? ಗುರುತು ಗೊತ್ತಾದ್ರ ಓದಾಕ ಬರ್ತೈತಿ’ ಅಂದ. ಅರ್ಧವಾರ್ಷಿಕದಲ್ಲಿ ಗಣಿತ ಹೆಂಗೋ ಪಾಸು. ರ್‍ಯಾಂಕೇನೂ ಬಂದಿಲ್ಲ.

ಅಪ್ಪನಿಗೆ ಅಷ್ಟೇ ಸಾಕಾಗಿದೆ. ಅವನು ನಾಲ್ಕನೇ ಕ್ಲಾಸಿಗೆ ಬಿಟ್ಟವನು. ಗೊಬ್ಬರದ ಬಿಲ್ಲಿನ ಹಿಂದೆ ಮಗನ ಕೈಲಿ ತನ್ನ ಹೆಸರು ಬ್ರಾಹ್ಮಿಯಲ್ಲಿ ಬರೆಸಿಕೊಂಡು ಅಂಗಿ ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಾನೆ. ಚಹಾದಂಗಡಿಯಲ್ಲಿ ತೆಗೆದು ತೋರಿಸಿ, ‘ಇದು ನನ್ನ ಹೆಸರು. ಅಶೋಕನ ಕಾಲದ ಅಕ್ಷರದಾಗ. ಮಗ ಬರದಾನ’ ಅಂತಾನೆ. ಅದನ್ನು ಓದೋಕೆ ಅಲ್ಲಿ ಯಾರಿಗೂ ಬರೋದಿಲ್ಲ, ಅಪ್ಪನಿಗೂ ಬರೋದಿಲ್ಲ.

ಮೊನ್ನೆ ಬೆಳಿಗ್ಗೆ ಐದೂವರೆಗೆ ಅಪ್ಪನ ಫೋನು. ಏನಾಯ್ತೋ ಅಂತ ಗಾಬರಿಯಾಗಿ ಎತ್ತಿದೆವು. ‘ಏನಿಲ್ಲವ್ವಾ, ಸುಮ್ನ ಕೇಳ್ರಿ’ ಅಂತ ಪಿಸುಗುಟ್ಟಿದ. ಆ ಕಡೆಯಿಂದ ತಮ್ಮ ಗಟ್ಟಿಯಾಗಿ ಪಾಠ ಓದೋದು ಕೇಳಿಸುತ್ತಿತ್ತು. ‘ನಾ ಎಬ್ಬಿಸಿಲ್ಲ, ತಾನ ಎದ್ದಾನ’ ಅಂತ ಅಪ್ಪ ಎರಡು ಸಲ ಹೇಳಿದ.

ಟ್ರ್ಯಾಕ್ಟರ್ ಮಾತು ಬಂದ ದಿನ ನಾವು ಯಾಕೆ ಸುಮ್ಮನಿದ್ದೆವು ಅನ್ನೋದು ತಮ್ಮನಿಗೆ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತೆ. ಓದೇ ಓದ್ತಾನೆ, ಈಗ ಕೈಗೆ ಸಿಕ್ಕಿದ್ದೆಲ್ಲ ಓದ್ತಾನೆ.