ಗೇರ್ ಬಾಕ್ಸ್ ಬಿಚ್ಚುವವರ ವಿದ್ಯೆ

ಮಳೆಗಾಲ ಮುಗಿದು ಕಾಫಿ ಕೊಯ್ಲು ಶುರುವಾಗುವ ಮೊದಲು ನಮ್ಮ ಕಕ್ಕಬೆಯಲ್ಲಿ ಜೀಪು ಇಟ್ಟುಕೊಂಡವರು ಎದುರುಬದುರಾದರೆ ಕೇಳಿಕೊಳ್ಳುವ ಪ್ರಶ್ನೆ ಒಂದೇ: "ಗೇರ್ ಆಯಿಲ್ ಬದಲಿಸಿ ಆಯ್ತಾ?" ಬಯಲುಸೀಮೆಯವರಿಗೆ ಇದು ವಿಚಿತ್ರವೆನಿಸಬಹುದು. ಅಲ್ಲಿ ಇಂಜಿನ್ ಆಯಿಲ್ ನೋಡುತ್ತಾರೆ, ಟಯರ್ ನೋಡುತ್ತಾರೆ. ಗೇರ್ ಬಾಕ್ಸನ್ನು ಕೇಳುವವರು ಕಡಿಮೆ. ನಮ್ಮಲ್ಲಿ ಹಾಗಲ್ಲ. ಯವಕಪಾಡಿಯ ನಾಲ್ಕುನಾಡು ಅರಮನೆಯ ಕಡೆಗೆ, ತಡಿಯಂಡಮೋಳಿನ ಬುಡದ ತೋಟಗಳಿಗೆ ಹತ್ತುವ ದಾರಿಗಳಲ್ಲಿ ಗಾಡಿಯ ಭಾರವೆಲ್ಲ ಬೀಳುವುದು ಗೇರಿನ ಹಲ್ಲುಗಳ ಮೇಲೆ. ಹಿಂದೆ ಕಾಫಿ ಮೂಟೆ, ಅದರ ಮೇಲೆ ನಾಲ್ಕು ಜನ, ಫಸ್ಟ್ ಗೇರ್. ಇಳಿಯುವಾಗಲೂ ಅದೇ ಗೇರ್. ಬ್ರೇಕನ್ನೇ ನಂಬಿ ಇಳಿದವರ ಕಥೆ ಇಲ್ಲಿ ಪ್ರತಿ ತಿರುವಿನಲ್ಲೂ ಒಂದೊಂದು ಸಿಗುತ್ತದೆ.

ಮಳೆಗಾಲ ಗೇರ್ ಬಾಕ್ಸಿಗೆ ಹೇಗೆ ಶತ್ರುವಾಗುತ್ತದೆ ಎಂಬುದನ್ನು ನಮಗೆ ಬಿಡಿಸಿ ಹೇಳಿದವರು ನಮ್ಮ ಮೇಸ್ತ್ರಿ ಕಾಕ. ಗುಡ್ಡ ಹತ್ತಿ ಬಂದ ಜೀಪಿನ ಗೇರ್ ಬಾಕ್ಸ್ ಮುಟ್ಟಲಾಗದಷ್ಟು ಬಿಸಿಯಾಗಿರುತ್ತದೆ. ಹಾಗೆಯೇ ತಂದು ತೋಡಿನ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ತಟ್ಟನೆ ತಣಿದು ಕುಗ್ಗುತ್ತದೆ, ಉಸಿರುಕೊಳವೆಯಿಂದಲೋ ಹಳೆಯ ಸೀಲಿನ ಸಂದಿನಿಂದಲೋ ನೀರನ್ನು ಎಳೆದುಕೊಳ್ಳುತ್ತದೆ. ಡ್ರೈವರನಿಗೆ ಏನೂ ಗೊತ್ತಾಗುವುದಿಲ್ಲ. ಮೂರು ತಿಂಗಳ ನಂತರ ಡ್ರೈನ್ ಪ್ಲಗ್ ಬಿಚ್ಚಿದಾಗ ಎಣ್ಣೆಯ ಬದಲು ಹಾಲು ಹಾಕಿದ ಚಹಾದಂತಹದ್ದು ಸುರಿಯುತ್ತದೆ. ಅಷ್ಟರಲ್ಲಿ ಬೇರಿಂಗುಗಳಿಗೆ ತುಕ್ಕು ಹಿಡಿದಿರುತ್ತದೆ.

ಎಣ್ಣೆ ಬದಲಿಸುವುದರಲ್ಲೂ ಕಾಕನಿಗೆ ಒಂದು ಕಟ್ಟುನಿಟ್ಟಿದೆ. ಮೊದಲು ಮೇಲಿನ, ಎಣ್ಣೆ ತುಂಬಿಸುವ ಪ್ಲಗ್ ಬಿಚ್ಚಬೇಕು. ಅದು ಬಿಚ್ಚಿಕೊಂಡ ಮೇಲೆಯೇ ಕೆಳಗಿನದನ್ನು ಮುಟ್ಟಬೇಕು. ಎಣ್ಣೆಯೆಲ್ಲ ಇಳಿಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಕುಳಿತಿದ್ದರೆ ಗಾಡಿ ನಿಂತಲ್ಲೇ ನಿಂತಿತು. ಇಳಿದ ಎಣ್ಣೆಯನ್ನು ಬೆರಳ ತುದಿಯಲ್ಲಿ ತಿಕ್ಕಿ ನೋಡುತ್ತಾರೆ. ಬೂದಿಯಂತಹ ನಯವಾದ ಪುಡಿ ಇದ್ದರೆ ಸವೆತ, ಅದು ಸಹಜ. ಹೊಳೆಯುವ ಚೂರು ಸಿಕ್ಕರೆ ಮುಖ ಗಂಭೀರವಾಗುತ್ತದೆ. ಹೊಸ ಎಣ್ಣೆಯ ಡಬ್ಬದ ಮೇಲಿನ ಅಕ್ಷರ ಓದದೆ ಸುರಿಯುವುದಿಲ್ಲ. ಡಿಫರೆನ್ಷಿಯಲ್‌ಗೆ ಹಾಕುವ ಎಣ್ಣೆಯಲ್ಲಿ ಭಾರ ತಾಳಿಕೊಳ್ಳಲು ಸೇರಿಸುವ ಗಂಧಕದ ಅಂಶ ಜಾಸ್ತಿ. ಅದನ್ನೇ ಗೇರ್ ಬಾಕ್ಸಿಗೂ ಸುರಿದರೆ ಅಲ್ಲಿರುವ ಹಿತ್ತಾಳೆಯ ಸಿಂಕ್ರೋ ರಿಂಗುಗಳಿಗೆ ಕೇಡಾಗಬಹುದು. ಎರಡಕ್ಕೂ ಒಂದೇ ಡಬ್ಬ ಸಾಕು ಎನ್ನುವ ಅಂಗಡಿಯವರಿಗೆ ಕಾಕನ ಬಾಯಿಂದ ಮಲಯಾಳದಲ್ಲಿ ಸಿಗುವ ಆಶೀರ್ವಾದವನ್ನು ಇಲ್ಲಿ ಬರೆಯುವಂತಿಲ್ಲ.

ಇನ್ನೊಂದು ರೋಗ ಪ್ರವಾಸಿಗರ ಕಾಲದ್ದು. ಹೋಂಸ್ಟೇಗಳು ಹೆಚ್ಚಿದ ಮೇಲೆ ಜೀಪು ಓಡಿಸುವ ಎಳೆಯ ಹುಡುಗರೂ ಹೆಚ್ಚಿದರು. ಕೆಸರಿನಲ್ಲಿ ಹಾಕಿದ ಫೋರ್ ವೀಲನ್ನು ಒಣ ಕಾಂಕ್ರೀಟು ರಸ್ತೆಗೆ ಬಂದ ಮೇಲೂ ತೆಗೆಯುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಓಡಬೇಕು. ಕೆಸರಿನಲ್ಲಾದರೆ ಚಕ್ರ ಜಾರಿ ಸರಿಹೋಗುತ್ತದೆ. ಕಾಂಕ್ರೀಟಿನಲ್ಲಿ ಜಾರಲು ಜಾಗವಿಲ್ಲ. ಆ ತಿರುಚುವಿಕೆಯೆಲ್ಲ ಗೇರುಗಳ ಮೇಲೆ ಬಿದ್ದು, ಕೊನೆಗೆ ಲಿವರು ಕಿತ್ತರೂ ಬರುವುದಿಲ್ಲ. ಹಾಫ್ ಕ್ಲಚ್ಚಿನಲ್ಲಿ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿಕೊಂಡು ಫೋನಿನಲ್ಲಿ ಮಾತಾಡುವ ಚಾಳಿ ಬೇರೆ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ.

ಈ ಜೀಪಿಗೂ ನಮ್ಮ ದೇಶದ ಚರಿತ್ರೆಗೂ ಒಂದು ನಂಟಿದೆ. 1945ರಲ್ಲಿ ಮಹೀಂದ್ರಾ ಸಹೋದರರು ಮಲಿಕ್ ಗುಲಾಮ್ ಮುಹಮ್ಮದ್ ಅವರ ಜೊತೆಗೂಡಿ ಕಟ್ಟಿದ ಕಂಪೆನಿಯ ಹೆಸರು ಮಹೀಂದ್ರಾ ಎಂಡ್ ಮುಹಮ್ಮದ್. ವಿಭಜನೆಯಾದಾಗ ಗುಲಾಮ್ ಮುಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. ಕಂಪೆನಿ 1948ರಲ್ಲಿ ಮಹೀಂದ್ರಾ ಎಂಡ್ ಮಹೀಂದ್ರಾ ಆಯಿತು. ಇಂಗ್ಲಿಷಿನ ಎಂ ಎಂಡ್ ಎಂ ಮಾತ್ರ ಹಾಗೆಯೇ ಉಳಿಯಿತು. ಹೆಸರಿನಿಂದ ಮುಹಮ್ಮದ್ ಹೋದರೂ ಆ ಜೀಪುಗಳ ಅಡಿಯಲ್ಲಿ ಮಲಗಿ ನಟ್ಟು ಬಿಗಿಯುವ ಮುಹಮ್ಮದರು ಊರೂರಿನಲ್ಲಿ ಉಳಿದರು. ಮುಸ್ಲಿಂ ದುಡಿಮೆಗಾರರು ವಾಹನ ರಿಪೇರಿಯಂತಹ ಕಸುಬುಗಳಲ್ಲಿ ಹೆಚ್ಚಾಗಿರುವುದನ್ನು 2006ರ ಸಾಚಾರ್ ಸಮಿತಿಯ ವರದಿಯೂ ಗುರುತಿಸಿದೆ. ಅದನ್ನು ನಾವು ಹಿಂದುಳಿದಿರುವಿಕೆಯ ಲೆಕ್ಕದಲ್ಲಿ ಮಾತ್ರ ಓದಿಕೊಂಡು ಬಂದಿದ್ದೇವೆ. 1206ರಲ್ಲಿ ಅಲ್ ಜಝರಿ ಯಂತ್ರಗಳ ಬಗ್ಗೆ ಬರೆದ ಗ್ರಂಥವನ್ನು ಸಭೆಗಳಲ್ಲಿ ಹೆಮ್ಮೆಯಿಂದ ಹೊಗಳುವ ನಾವೇ, ಹಲ್ಲಿನ ಚಕ್ರಗಳ ಮರ್ಮ ಬಲ್ಲ ನಮ್ಮೂರಿನ ಮೇಸ್ತ್ರಿಯನ್ನು ಮದುವೆ ಮಾತುಕತೆಯಲ್ಲಿ "ಓದಿಲ್ಲ, ಗ್ಯಾರೇಜಿನಲ್ಲಿದ್ದಾನೆ" ಎಂದು ಪರಿಚಯಿಸುತ್ತೇವೆ.

ಎರಡು ವರ್ಷದ ಹಿಂದೆ ನಮ್ಮ ಜೀಪು ನ್ಯೂಟ್ರಲಿನಲ್ಲಿ ನಿಂತಾಗ ಗರಗರ ಎನ್ನತೊಡಗಿತು. ಪೇಟೆಯ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ ಐದು ನಿಮಿಷ ನೋಡಿ, ಗೇರ್ ಬಾಕ್ಸ್ ಪೂರ್ತಿ ಬದಲಿಸಬೇಕೆಂದು ಚೀಟಿ ಬರೆದುಕೊಟ್ಟರು. ಆ ಮೊತ್ತದಲ್ಲಿ ಹಳೆಯ ಜೀಪನ್ನೇ ಮಾರಿಬಿಡಬಹುದಿತ್ತು. ಮನೆಯಲ್ಲಿ ಹಾಗೆಯೇ ಮಾತೂ ಆಯಿತು. ಕಾಕನ ಬಳಿಗೆ ತಂದೆವು. ಅವರು ಕ್ಲಚ್ ಒತ್ತಲು ಹೇಳಿದರು. ಸದ್ದು ನಿಂತಿತು. ಬಿಡಲು ಹೇಳಿದರು. ಮತ್ತೆ ಬಂತು. "ಕ್ಲಚ್ ಒತ್ತಿದಾಗ ಬರೋದಾದ್ರೆ ರಿಲೀಸ್ ಬೇರಿಂಗು. ಇದು ಬಿಟ್ಟಾಗ ಬರ್ತದೆ. ಒಳಗಿನ ಬೇರಿಂಗೇ ಹೋಗಿದೆ, ಹಲ್ಲಿಗೆ ಏನೂ ಆಗಿಲ್ಲ ಅಂತ ಕಾಣ್ತದೆ" ಎಂದರು. ಮರುದಿನ ಇಳಿಸಿ ಬಿಚ್ಚಿದಾಗ ಒಂದು ಬೇರಿಂಗು, ಒಂದು ಸೀಲು. ಹಲ್ಲುಗಳು ಸರಿಯಾಗಿದ್ದವು.

ತೆಗೆದ ಬೇರಿಂಗನ್ನು ಹಳೆಯ ಪೇಪರಿನಲ್ಲಿ ಸುತ್ತಿ ನಮ್ಮ ಕೈಗೇ ಕೊಟ್ಟರು. ಎಲ್ಲರಿಗೂ ಹೀಗೆಯೇ ಕೊಡುತ್ತಾರೆ. ಅಳತೆ ತೂಕದಲ್ಲಿ ಕಡಿಮೆ ಮಾಡುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ತಕ್ಕಡಿಯಾದರೂ ಗಿರಾಕಿಯ ಕಣ್ಣೆದುರಿಗಿರುತ್ತದೆ. ಗೇರ್ ಬಾಕ್ಸಿನೊಳಗೆ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದು ಬಿಚ್ಚಿದವನಿಗೂ ಪಡೆದವನಿಗೂ ಮಾತ್ರ ಗೊತ್ತು.

ಈಗ ಕಾಕನ ಕಿವಿ ಮಂದವಾಗುತ್ತಿದೆ. ಮೊದಲು ಸ್ಕ್ರೂಡ್ರೈವರಿನ ತುದಿಯನ್ನು ಗೇರ್ ಬಾಕ್ಸಿಗಿಟ್ಟು ಹಿಡಿಯನ್ನು ಕಿವಿಗೆ ಒತ್ತಿಕೊಂಡರೆ ಯಾವ ಬೇರಿಂಗು ಎಂದು ಹೇಳುತ್ತಿದ್ದರು. ಈಗ ಅದನ್ನು ಶಿಷ್ಯನ ಕಿವಿಗಿಟ್ಟು ಕೇಳುತ್ತಾರೆ. ಪಿಯುಸಿ ಅರ್ಧಕ್ಕೆ ಬಿಟ್ಟು ಬಂದ ಹುಡುಗ. ದುಬೈಗೆ ಹೋಗುವ ಮಾತು ಮನೆಯಲ್ಲಿ ನಡೆಯುತ್ತಿದೆ. ಕಳೆದ ವಾರ ನಾವು ಹೋದಾಗ ಯಾರದೋ ಗಾಡಿಯ ಅಡಿಯಿಂದ ಅವನ ಸ್ವರ ಕೇಳಿತು: "ಕಾಕಾ, ಎರಡು ಸದ್ದು ಉಂಟು. ಒಂದು ಸಣ್ಣದು, ಹಿಂದಿನಿಂದ ಬರ್ತದೆ." ಕಾಕ ಕೈಯಲ್ಲಿದ್ದ ಚಹಾ ಕೆಳಗಿಟ್ಟು ಬಗ್ಗಿದರು. "ಹಾಗಾದ್ರೆ ಹಿಂದಿನದ್ದನ್ನೇ ಮೊದಲು ಬಿಚ್ಚು."