ಶೆಡ್ಡಿನ ಮೇಲೆ ಮೋಡ, ಜೇಬಿನಲ್ಲಿ ಪರದೇಶ

ಮಾರ್ಚ್ ಎರಡನೇ ವಾರ, ಸಂಜೆ ಐದೂವರೆ. ವಿಜಯಪುರ ಜಿಲ್ಲೆಯ ಬಬಲೇಶ್ವರದ ಆಚೆ, ಎರೆಹೊಲದ ನಡುವೆ ನಿಂತ ಮಣೂಕದ, ಎಂದರೆ ಒಣದ್ರಾಕ್ಷಿಯ, ಶೆಡ್ಡಿನೊಳಗೆ ನೀವು ಕಾಲಿಡುತ್ತೀರಿ. ಹುಳಿ ಬೆರೆತ ಸಿಹಿ ವಾಸನೆ ಮೊದಲು ಮೂಗಿಗೆ ಬಡಿದು, ಆಮೇಲೆ ಗಂಟಲಿಗೆ ಇಳಿಯುತ್ತದೆ. ಕಬ್ಬಿಣದ ಕಂಬಗಳ ನಡುವೆ ಬಿಗಿದ ಜಾಳಿಗೆಗಳು ಒಂದರ ಮೇಲೊಂದು ನಿಮ್ಮ ತಲೆಗಿಂತ ಎತ್ತರಕ್ಕೆ ಏರಿವೆ. ಅವುಗಳ ಮೇಲೆ ನಿಮ್ಮ ಇಡೀ ವರ್ಷ ಒಣಗುತ್ತಿದೆ.

ಒಂದು ಕಾಳು ಕಿತ್ತು ಬೆರಳ ನಡುವೆ ಒತ್ತುತ್ತೀರಿ. ಸಿಪ್ಪೆ ಮುದುಡಿದೆ, ಒಳಗಿನ್ನೂ ಮೆತ್ತಗಿದೆ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಗೊಂಚಲುಗಳನ್ನು ಅದ್ದಿ ಇಲ್ಲಿ ಹರಡಿ ಇವತ್ತಿಗೆ ಒಂಬತ್ತು ದಿನ. ಆ ನೀರು ಸಿಪ್ಪೆಯ ಮೇಲಿನ ಮೇಣವನ್ನು ಸಡಿಲಿಸುತ್ತದೆ, ಕಾಳು ಬೇಗ ಆರುತ್ತದೆ. ಅದರ ಜಾರಿಕೆ ಈಗಲೂ ನಿಮ್ಮ ಅಂಗೈಯ ಗೆರೆಗಳಲ್ಲಿ ಇದ್ದಂತಿದೆ. ಇನ್ನು ನಾಲ್ಕೈದು ದಿನ ಒಣ ಗಾಳಿ ಬೀಸಿದರೆ ಸಾಕು. ನಾಲ್ಕು ಎಕರೆ, ಸುಮಾರು 40 ಟನ್ ಹಸಿ ದ್ರಾಕ್ಷಿ. ನಾಲ್ಕು ಕಿಲೋ ಆರಿ ಒಂದು ಕಿಲೋ ಆಗುತ್ತದೆ. ಕೈಗೆ ಸಿಗುವುದು 10 ಟನ್.

ಅಂಗಿಯ ಜೇಬಿನಲ್ಲಿ ಫೋನು ಗುಂಯ್ ಅನ್ನುತ್ತದೆ. ಪರಿಚಯದ ದಲ್ಲಾಳಿಯ ಸಂದೇಶ. ಯುರೋಪಿನ ಬೇಕರಿಗಳಿಗೆ ಮಾಲು ಕೊಡುವವರು ಒಂದು ಕಂಟೇನರ್ ಮಣೂಕ ಕೇಳುತ್ತಿದ್ದಾರೆ. ಮಹಾರಾಷ್ಟ್ರದ ತಾಸಗಾಂವ ಪೇಟೆಯ ದರಕ್ಕಿಂತ ಕಿಲೋಗೆ 20 ರೂಪಾಯಿ ಹೆಚ್ಚು. ವಾರದೊಳಗೆ ಹೇಳಬೇಕು.

ಕಿವಿ ಬಿಸಿಯಾಗುತ್ತದೆ. ಲೆಕ್ಕ ತಾನೇ ಓಡುತ್ತದೆ: 10 ಸಾವಿರ ಕಿಲೋ, ಕಿಲೋಗೆ 20, ಎರಡು ಲಕ್ಷ. ಬರ ಬಿದ್ದ ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿ ಬಳ್ಳಿ ಉಳಿಸಿಕೊಂಡ ಸಾಲ ಇನ್ನೂ ಪಾಸ್‌ಬುಕ್ಕಿನಲ್ಲಿದೆ. ಆ ಎರಡು ಲಕ್ಷ ನೇರ ಹೋಗಿ ಅದರ ಮೇಲೆಯೇ ಕೂರುತ್ತದೆ. ಹೂಂ ಅನ್ನಲು ಹೆಬ್ಬೆರಳು ಫೋನಿನ ಗಾಜಿನ ಮೇಲೆ ಬರುತ್ತದೆ.

"ಅಣ್ಣಾರ, ಪಡುವಣ ದಿಕ್ಕ ನೋಡ್ರಿ!"

ಹೊರಗಿನಿಂದ ಆಳುಮಗಳ ದನಿ. ತಲೆ ಎತ್ತುತ್ತೀರಿ. ಪಡುವಣ ಆಕಾಶ ಸೀಸದ ಬಣ್ಣಕ್ಕೆ ತಿರುಗಿದೆ. ಗಾಳಿ ಒಮ್ಮೆ ನಿಲ್ಲುತ್ತದೆ. ಒದ್ದೆ ಮಣ್ಣಿನ ವಾಸನೆ ಬರುತ್ತದೆ. ಜೂನ್ ತಿಂಗಳಲ್ಲಿ ಈ ವಾಸನೆಗೆ ಊರೇ ಕೈ ಮುಗಿಯುತ್ತದೆ, ಮಾರ್ಚಿನಲ್ಲಿ ಹೊಟ್ಟೆ ಹಿಂಡುತ್ತದೆ.

"ತಾಡಪತ್ರಿ! ಮೊದಲು ಪಡುವಣ ಬಾಜು!"

ಓಡುತ್ತೀರಿ. ಗಾಳಿ ಎದೆಗೆ ಗುದ್ದುತ್ತದೆ. ತಾಡಪತ್ರಿ ಹಗ್ಗ ಕೈಯಿಂದ ಜಾರಿ ಅಂಗೈ ಸೀಳುತ್ತದೆ. ಒಂದು ಹನಿ. ಹತ್ತು ಹನಿ. ತಗಡಿನ ಮೇಲೆ ಕಲ್ಲು ಸುರಿದ ಸದ್ದು. ಯಾರು ಏನು ಕೂಗುತ್ತಿದ್ದಾರೆಂದು ಕೇಳುವುದಿಲ್ಲ. ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಬಿಗಿಯುತ್ತೀರಿ. ಒಂದು ಮೂಲೆ ಹರಿದು ರೆಕ್ಕೆಯಂತೆ ಬಡಿದುಕೊಳ್ಳುತ್ತದೆ, ಇರಚಲು ನೇರ ಜಾಳಿಗೆಯ ಮೇಲೆ. ನೀವು ಬೆನ್ನು ಕೊಟ್ಟು ಅಡ್ಡ ನಿಲ್ಲುತ್ತೀರಿ. 10 ಟನ್ ಮಣೂಕಕ್ಕೆ ಒಬ್ಬ ಮನುಷ್ಯನ ಬೆನ್ನು ಎಷ್ಟು ಅಗಲ?

ಇಪ್ಪತ್ತು ನಿಮಿಷದಲ್ಲಿ ಮಳೆ ನಿಲ್ಲುತ್ತದೆ. ಅಂಚಿನ ಎರಡು ಸಾಲು ತೊಯ್ದಿವೆ.

ರಾತ್ರಿ ಅಂಗೈಗೆ ಅರಿಸಿನ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತಿದ್ದೀರಿ. ರೊಟ್ಟಿ ತಾಟಿನಲ್ಲೇ ಆರಿದೆ. ಕಾಲೇಜಿಗೆ ಹೋಗುವ ಮಗಳು ಲ್ಯಾಪ್‌ಟಾಪ್ ತೆರೆದು ಪಕ್ಕಕ್ಕೆ ಬರುತ್ತಾಳೆ.

"ಅಪ್ಪಾ, ಹೂಂ ಅನ್ನೂಕಿಂತ ಮೊದಲ ಅವರು ಏನ್ ತಿಂತಾರ, ಏನ್ ಬ್ಯಾಡ ಅಂತಾರ, ಅದನ್ನರ ನೋಡೂಣು."

ಜಗತ್ತಿನ ಹೆಚ್ಚುಕಡಿಮೆ ಎಲ್ಲ ಬಂದರುಗಳಲ್ಲೂ ಒಣದ್ರಾಕ್ಷಿಗೆ ಒಂದೇ ಸಂಖ್ಯೆ: 080620. ಅದನ್ನು ಹಾಕಿದರೆ ಜಿನೀವಾದ ಅಂತರರಾಷ್ಟ್ರೀಯ ವಾಣಿಜ್ಯ ಕೇಂದ್ರದ ಟ್ರೇಡ್ ಮ್ಯಾಪ್ ತಾಣದಲ್ಲಿ ಯಾವ ದೇಶ ಎಷ್ಟು ಕೊಳ್ಳುತ್ತದೆ, ಯಾರಿಂದ ಕೊಳ್ಳುತ್ತದೆ ಎನ್ನುವುದು ಸಾಲುಸಾಲಾಗಿ ತೆರೆದುಕೊಳ್ಳುತ್ತದೆ. ಯುರೋಪಿನ ಸಾಲಿನಲ್ಲಿ ಕಣ್ಣು ಇಳಿಯುತ್ತದೆ, ಮತ್ತೆ ಮತ್ತೆ ತುರ್ಕಿಯ ಹೆಸರು ಎದುರಾಗುತ್ತದೆ. ಅಲ್ಲಿಯ ಮನೀಸಾ ಸೀಮೆಯ ಬಯಲಿನಲ್ಲಿ ಆರಿ ಇಜ್ಮೀರ್ ಬಂದರಿನಿಂದ ಹಡಗು ಹತ್ತುವ ಕಂದು ಬಣ್ಣದ ಕಾಳು ಅದು. ಅಲ್ಲಿಯ ಬ್ರೆಡ್ಡು, ಕೇಕುಗಳಿಗೆ ಹೊಂದಿಕೊಂಡಿರುವುದು ಆ ಕಂದು. ನೀವು ವರ್ಷವಿಡೀ ಜೀವ ತೇದು ಕಾಪಾಡುವುದು ಹಸಿರನ್ನು. ತಾಸಗಾಂವದ ಲಿಲಾವಿನಲ್ಲಿ ವ್ಯಾಪಾರಿ ಮುಷ್ಟಿ ತುಂಬ ಎತ್ತಿ ಬೆಳಕಿಗೆ ಹಿಡಿದು ನೋಡುವುದೂ ಆ ಹಸಿರನ್ನೇ. ಇಲ್ಲಿ ಬೆಲೆ ತರುವ ಬಣ್ಣವನ್ನು ಅಲ್ಲಿ ಕೇಳುವವರು ಯಾರು?

ಮಗಳು ಇನ್ನೊಂದು ಪುಟ ತೆರೆಯುತ್ತಾಳೆ. ಓದುತ್ತ ಅವಳ ದನಿ ಸಣ್ಣಗಾಗುತ್ತದೆ.

ಕಾಳು ಒಡೆದು ತೇವ ಹಿಡಿದಲ್ಲಿ ಒಂದು ಕಪ್ಪು ಬೂಸ್ಟು ಬೆಳೆಯುತ್ತದೆ. ಅದು ಓಕ್ರಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಒಣದ್ರಾಕ್ಷಿಯಲ್ಲಿ ಅದರ ಮಿತಿಯನ್ನು ಯುರೋಪ್ ಒಕ್ಕೂಟ 2023ರಿಂದ ಕಿಲೋಗೆ 10 ಮೈಕ್ರೋಗ್ರಾಂನಿಂದ 8ಕ್ಕೆ ಇಳಿಸಿದೆ. ನೀವು ಲೆಕ್ಕ ಹಾಕುತ್ತೀರಿ. ನಿಮ್ಮ 10 ಟನ್ನಿಗೆ 80 ಮಿಲಿಗ್ರಾಂ. ಒಂದು ಚಿಟಿಕೆ ಉಪ್ಪಿನಷ್ಟೂ ಇಲ್ಲ. ಅಷ್ಟು ದಾಟಿದರೆ ಅಷ್ಟೂ ಮಾಲು ಬಂದರಿನಲ್ಲೇ ನಿಲ್ಲುತ್ತದೆ. ಶೆಡ್ಡಿನ ಅಂಚಿನ ಎರಡು ತೊಯ್ದ ಸಾಲುಗಳು ಕಣ್ಣ ಮುಂದೆ ಬರುತ್ತವೆ. ಕತ್ತಲಲ್ಲಿ ಅವು ಈಗ ಏನು ಮಾಡುತ್ತಿವೆ?

ಬ್ಯಾಟರಿ ಹಿಡಿದು ಎದ್ದೇಬಿಡುತ್ತೀರಿ. ರಾತ್ರಿ ಹನ್ನೊಂದರಲ್ಲಿ ಕೆಸರು ತುಳಿಯುತ್ತ ಹೋಗಿ, ತೊಯ್ದ ಸಾಲಿನ ಕಾಳುಗಳನ್ನೆಲ್ಲ ಬೇರೆ ಬುಟ್ಟಿಗೆ ಸುರಿಯುತ್ತೀರಿ. ಒಂದು ಕಾಳೂ ಒಣ ರಾಶಿಗೆ ಸೇರಬಾರದು. ತಾಸಗಾಂವಕ್ಕೇ ಆಗಿದ್ದರೆ ಇಷ್ಟು ಮಾಡುತ್ತಿದ್ದಿರಾ? ಆ ಪ್ರಶ್ನೆ ಬೆನ್ನಿನ ನೋವಿನ ಜೊತೆಗೇ ನೆಟ್ಟಗೆ ನಿಲ್ಲುತ್ತದೆ.

ಮರುದಿನ ಬೆಳಿಗ್ಗೆ ಕಾಕಾ ಕಟ್ಟೆಯ ಮೇಲೆ ಕೂತು ಚಹಾ ಬಸಿಗೆ ಸುರಿದುಕೊಳ್ಳುತ್ತಾರೆ. ಸುದ್ದಿ ಅವರಿಗೆ ಆಗಲೇ ಮುಟ್ಟಿದೆ.

"ತಮ್ಮಾ, 2010 ನೆನಪದ ಏನು?"

ನೆನಪಿದೆ. ಆ ವರ್ಷ ಯುರೋಪಿಗೆ ಹೋದ ಭಾರತದ ಹಸಿ ದ್ರಾಕ್ಷಿ ಅಲ್ಲಿಯೇ ತಡೆದು ನಿಂತಿತು. ಕಾರಣ ಕ್ಲೋರ್‌ಮೆಕ್ವಾಟ್ ಕ್ಲೋರೈಡ್, ರೈತರ ಬಾಯಲ್ಲಿ ಸಿಸಿಸಿ. ಏಪ್ರಿಲ್‌ನಲ್ಲಿ ಬಳ್ಳಿ ಸವರುವ ಚಾಟಣಿ ಆದ ಮೇಲೆ ಅದರ ಅಬ್ಬರ ತಗ್ಗಿಸಿ ಕಣ್ಣಿನಲ್ಲಿ ಗೊಂಚಲು ಕಟ್ಟಲೆಂದು ಹೊಡೆಯುವ ಔಷಧಿ. ಏಪ್ರಿಲ್, ಮೇ ತಿಂಗಳಲ್ಲಿ ಹೊಡೆದದ್ದು ಮುಂದಿನ ಹಂಗಾಮಿನ ಹಣ್ಣಿನವರೆಗೂ ಬಳ್ಳಿಯೊಳಗೆ ಉಳಿದಿತ್ತು. ಇಲ್ಲಿಂದ ಕಳಿಸುವ ಮುನ್ನ ಪರೀಕ್ಷಿಸುತ್ತಿದ್ದ ರಾಸಾಯನಿಕಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಅಲ್ಲಿಯ ಪ್ರಯೋಗಾಲಯ ಅದನ್ನು ಹುಡುಕಿತು. ಹಣ್ಣು ಚೆಂದವಿತ್ತು, ಸಿಹಿಯಿತ್ತು, ಇಲ್ಲಿಯ ಕಾಗದಪತ್ರವೂ ಸರಿಯಿತ್ತು. ಕೊಳ್ಳುವ ದೇಶ ಏನನ್ನು ಹುಡುಕುತ್ತದೆ ಎನ್ನುವುದೊಂದು ಇಲ್ಲಿ ಗೊತ್ತಿರಲಿಲ್ಲ.

"ಹಂಗಂತ ಹೋಗೂದ ಬ್ಯಾಡ ಅಂತೀರಿ ಏನ್ ಕಾಕಾ?"

"ಬ್ಯಾಡ ಅನ್ನೂದಿಲ್ಲ. ತಾಸಗಾಂವದ ವ್ಯಾಪಾರಿ ಕಣ್ಣು ಕಿರಿದು ಮಾಡಿದ್ರ ನನಗ ದರ ತಿಳೀತದ. ಆ ಊರಿನವನ ಕಣ್ಣು ನಾ ನೋಡಿಲ್ಲ. ನೀ ನೋಡಿದ್ರ ಹೋಗು."

ಮಾತು ಎದೆಯಲ್ಲಿ ಕೂರುತ್ತದೆ. ಜೊತೆಗೆ ಇನ್ನೊಂದು ಭಾರ. ಒಂದು ಕಂಟೇನರ್ ತುಂಬಲು ನಿಮ್ಮ 10 ಟನ್ ಸಾಲದು, ನೆರೆಯ ಎರಡು ಶೆಡ್ಡುಗಳ ಮಾಲು ಕೂಡಬೇಕು. ಅಂದರೆ ಅವರು ಹೊಡೆದ ಔಷಧಿಯೂ ನಿಮ್ಮದಾಗುತ್ತದೆ, ಅವರ ತೊಯ್ದ ಸಾಲೂ ನಿಮ್ಮದಾಗುತ್ತದೆ. ನೆರೆಯವನ ಬಾಗಿಲಿಗೆ ಹೋಗಿ ಕೇಳುತ್ತೀರಿ: ಯಾವ ದಿನ ಯಾವ ಔಷಧಿ ಹೊಡೆದಿ, ಬರೆದಿಟ್ಟೀಯೇನು? ಅವನು ನಗುತ್ತಾನೆ, ತಲೆ ಕೆರೆಯುತ್ತಾನೆ, ಅಂಗಡಿಯ ಎರಡು ಮುದ್ದೆಯಾದ ಚೀಟಿ ತೋರಿಸುತ್ತಾನೆ. ನಿಮಗೆ ನಗು ಬರುವುದಿಲ್ಲ. ನಿಮ್ಮ ಮನೆಯಲ್ಲಿರುವುದೂ ಅಂಥವೇ ಚೀಟಿ. ಬೇರೆ ಮಿತಿ ಗೊತ್ತುಮಾಡದ ಔಷಧಿಯ ಉಳಿಕೆಗೆ ಯುರೋಪಿನಲ್ಲಿ ಕಿಲೋಗೆ 0.01 ಮಿಲಿಗ್ರಾಂ ಗೆರೆ. ಆರುವಾಗ ನೀರು ಹಾರಿ ಹೋಗುತ್ತದೆ, ಉಳಿಕೆ ಹಾಗೆ ಹಾರುವುದಿಲ್ಲ. ಮುದ್ದೆಯಾದ ಚೀಟಿ ಆ ಗೆರೆಗೆ ಏನು ಉತ್ತರ ಹೇಳೀತು?

ಐದನೆಯ ದಿನ. ಬಿಸಿಲು ಮರಳಿ ಬಂದು ಕಾಳು ಆರಿದೆ. ಗಂಧಕದ ಕೋಣೆ ಸಿದ್ಧವಾಗಿದೆ. ಬಾಗಿಲ ಸಂದಿಗೆ ಗೋಣಿ ತುರುಕಿದ್ದಾರೆ, ಒಳಗೆ ಬಾಣಲೆಯಲ್ಲಿ ಹಳದಿ ಪುಡಿ. ಅದು ಹೊತ್ತಿಕೊಂಡರೆ ಎದ್ದ ಹೊಗೆ ಕಾಳಿನ ಬಣ್ಣವನ್ನು ಹಿಡಿದು ನಿಲ್ಲಿಸುತ್ತದೆ, ಹುಳ ಹತ್ತಗೊಡುವುದಿಲ್ಲ. ಕಳೆದ ವರ್ಷದ ಹೊಗೆಯ ನೆನಪಿಗೇ ಗಂಟಲು ಬಿಗಿಯುತ್ತದೆ, ಕಣ್ಣಲ್ಲಿ ನೀರಾಡುತ್ತದೆ. ನಿಮ್ಮ ಕೈಯಲ್ಲಿ ಕಡ್ಡಿಪೆಟ್ಟಿಗೆ.

ಗೀರಿದರೆ ಹಸಿರು ಹೊಳೆಯುತ್ತದೆ, ತಾಸಗಾಂವದಲ್ಲಿ ದರ ಸಿಗುತ್ತದೆ. ಆದರೆ ಆ ಹೊಗೆ ಕಾಳಿನೊಳಗೆ ಸಲ್ಫರ್ ಡೈಆಕ್ಸೈಡ್ ಆಗಿ ಉಳಿಯುತ್ತದೆ. ಹೀಗೆ ಬಿಳುಪುಗೊಳಿಸಿದ ಒಣದ್ರಾಕ್ಷಿಗೆ ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಕಿಲೋಗೆ 1500 ಮಿಲಿಗ್ರಾಂವರೆಗೆ ಒಪ್ಪುತ್ತದೆ. ಯುರೋಪಿನಲ್ಲಿ 10 ಮಿಲಿಗ್ರಾಂ ದಾಟಿದರೆ ಸಾಕು, ಅಲರ್ಜಿ ತರಬಲ್ಲ ವಸ್ತು ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಬೇಕು. ಗೀರದಿದ್ದರೆ ಕಾಳು ಕಂದಾಗುತ್ತದೆ. ಆ ಬೇಕರಿಯವರಿಗೆ ಅದು ನಡೆದರೂ ನಡೆಯಬಹುದು. ಅವರು ಕೊನೆಗೆ ಬೇಡವೆಂದರೆ? ಆ ಕಂದು ರಾಶಿಯನ್ನು ತಾಸಗಾಂವದಲ್ಲಿ ಯಾರ ಮುಂದೆ ಸುರಿಯುತ್ತೀರಿ?

ಒಂದು ಕಡ್ಡಿ, ಎರಡು ದಾರಿ. ಬೆವರು ಹುಬ್ಬು ದಾಟಿ ಕಣ್ಣಿಗಿಳಿದು ಉರಿಯುತ್ತದೆ. ಆಳುಗಳು ನಿಮ್ಮ ಮುಖ ನೋಡುತ್ತ ನಿಂತಿದ್ದಾರೆ. ದಲ್ಲಾಳಿಯ ಸಂದೇಶ ಮತ್ತೆ ಬರುತ್ತದೆ: ನಾಳೆಯೇ ಕೊನೆ. ಎರಡು ಲಕ್ಷ. ಚೀಟಿಗಳು. 80 ಮಿಲಿಗ್ರಾಂ. ಕಾಕಾ ಹೇಳಿದ ಕಣ್ಣು.

ಕಡ್ಡಿ ಗೀರುತ್ತೀರಿ.

ನೀಲಿ ಉರಿ ಏಳುತ್ತದೆ. ಬಾಗಿಲು ಮುಚ್ಚಿ ಹೊರಬಂದು ಕೆಮ್ಮುತ್ತ ಕಟ್ಟೆಗೆ ಕೂರುತ್ತೀರಿ. ಆದರೆ ಐದು ಕಿಲೋ ಬೇರೆ ಇದೆ, ಗಂಧಕದ ಹೊಗೆ ಕಾಣದ ಕಂದು ಕಾಳು. ಅದರಲ್ಲಿ ಅರ್ಧ ಪ್ರಯೋಗಾಲಯಕ್ಕೆ. ಅಲ್ಲಿಂದ ಬರುವ ಹಾಳೆ ನಿಮ್ಮ ಹೊಲದ ಬಗ್ಗೆ ನಿಮಗೆ ಗೊತ್ತಿಲ್ಲದ್ದನ್ನು ಹೇಳಲಿ. ಇನ್ನರ್ಧ ಆ ಕೊಳ್ಳುವವರಿಗೆ ನಮೂನೆ. ಜೊತೆಗೆ ಉತ್ತರವನ್ನು ಮಗಳ ಕೈಯಿಂದ ಬರೆಸುತ್ತೀರಿ: ಈ ವರ್ಷ ಮಾಲು ಕೊಡಲಾರೆವು. ನಿಮಗೆ ಯಾವ ಬಣ್ಣ, ಯಾವ ಗಾತ್ರ, ಎಷ್ಟು ತೇವ ಬೇಕು, ಯಾವ ಔಷಧಿ ಬೇಡ, ಹಣ ಹೇಗೆ ಕೊಡುತ್ತೀರಿ, ಇವನ್ನು ಈಗಲೇ ಬರೆದು ಕಳಿಸಿ. ನಾವು ಚಾಟಣಿಗೆ ಮುಂಚೆ ಓದುತ್ತೇವೆ.

ಎರಡು ಲಕ್ಷ ಕೈ ತಪ್ಪಿದ ಸಂಕಟ ಹೊಟ್ಟೆಯಲ್ಲಿ ಕಲ್ಲಿನಂತಿದೆ. ಅದು ಇವತ್ತು ಕರಗುವುದಿಲ್ಲ.

ಸಂಜೆ ಮಗಳು ಅರಿವೆ ಹೊದಿಕೆಯ ಹೊಸ ರಿಜಿಸ್ಟರ್ ತಂದು ಮುಂದಿಡುತ್ತಾಳೆ. ಮೊದಲ ಪುಟದಲ್ಲಿ ಗೆರೆ ಎಳೆದಿದ್ದಾಳೆ: ತಾರೀಖು, ಔಷಧಿ, ಪ್ರಮಾಣ, ಯಾಕೆ ಹೊಡೆದದ್ದು. ಇಂಥದೇ ಎರಡು ರಿಜಿಸ್ಟರ್ ನೆರೆಯವರಿಗೂ ಇವೆ. ಪೆನ್ನು ಹಿಡಿದರೆ ಅಂಗೈಯ ಗಾಯ ಚುರ್ ಅನ್ನುತ್ತದೆ.

ಪುಟ ಖಾಲಿ ಇದೆ. ಏಪ್ರಿಲ್ ಚಾಟಣಿಗೆ ಇನ್ನು ಇಪ್ಪತ್ತು ದಿನ.