ಮೂರು ದಿನದ ರಜೆಗೆ ಗ್ವಾನಾಹ್ವಾತೊ

ನನ್ನ ತಮ್ಮ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಬೇರೆ ಜಾತಿಯ ಹುಡುಗಿಯನ್ನು ಮದುವೆಯಾಗಿ ನಾಲ್ಕು ವರ್ಷವಾಯಿತು. ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿದ್ದಷ್ಟೇ ಮದುವೆ. ಓಲಗ, ಊಟ, ಹನಿಮೂನ್ ಯಾವುದೂ ಇಲ್ಲ. ಅಮ್ಮ ಇವತ್ತಿಗೂ ಸೊಸೆ ಜೊತೆ ಮಾತಾಡಿಲ್ಲ.

ಕಳೆದ ತಿಂಗಳು ತಮ್ಮ ಫೋನ್ ಮಾಡಿದ. "ಅಣ್ಣಾ, ಶನಿವಾರದಿಂದ ಸೋಮವಾರದವರೆಗೆ ರಜೆ ಸಿಕ್ಕಿದೆ. ಊರಿಗೆ ಬಂದು ಹೋಗೋಕೇ ಅಷ್ಟು ದಿನ ಸಾಲಲ್ಲ. ಮೆಕ್ಸಿಕೋದ ಗ್ವಾನಾಹ್ವಾತೊಗೆ ಹೋಗಿಬರ್ತೀವಿ. ಏನೇನು ನೋಡಬೇಕು ಓದಿ ಹೇಳು" ಅಂದ. ಪೇಪರಿಗೆ ಸುದ್ದಿ ಕಳಿಸೋ ಅಣ್ಣನಿಗೆ ಎಲ್ಲ ಗೊತ್ತಿರುತ್ತೆ ಅಂತ ಅವನ ನಂಬಿಕೆ.

ಓದಿದೆ. ನಮ್ಮ ಕೆಜಿಎಫ್ ಚಿನ್ನದಿಂದ ಬೆಳೆದ ಹಾಗೆ ಆ ಊರು ಬೆಳ್ಳಿಯಿಂದ ಬೆಳೆದದ್ದು. ಸುಮಾರು 2000 ಮೀಟರ್ ಎತ್ತರದ ಬೆಟ್ಟಗಳ ನಡುವೆ ಬಣ್ಣಬಣ್ಣದ ಮನೆಗಳು. ಹಳೇ ಹೊಳೆ ಹರಿಯುತ್ತಿದ್ದ ಜಾಗದಲ್ಲಿ ಈಗ ಸುರಂಗ ರಸ್ತೆ. ವಾಹನಗಳು ಊರಿನ ಕೆಳಗೇ ಓಡಾಡುತ್ತವೆ. 1988ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಮೆರಿಕದ ವೀಸಾ ಚಾಲ್ತಿಯಲ್ಲಿದ್ದರೆ ನಮ್ಮವರಿಗೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ.

ಪಟ್ಟಿ ಮಾಡಿದೆ. ಶನಿವಾರ ಊರ ನಡುವೆಯೇ ರೂಮು ಹಿಡಿದು ಸುಮ್ಮನೆ ಸುತ್ತಾಡುವುದು. ಕಲ್ಲು ಹಾಸಿದ ಏರು ಬೀದಿಗಳು, ಹಾಗಾಗಿ ಶೂ ಗಟ್ಟಿಯಾಗಿರಲಿ. ಭಾನುವಾರ ಚಿತ್ರಕಾರ ಡಿಯೆಗೊ ರಿವೇರಾ 1886ರಲ್ಲಿ ಹುಟ್ಟಿದ ಮನೆ, ವಲೆನ್ಸಿಯಾನಾ ಗಣಿ ಹತ್ತಿರದ ಚರ್ಚು, ಆಮೇಲೆ ಅಲೊಂದಿಗಾ ಎಂಬ ದವಸದ ಉಗ್ರಾಣ. 1810ರಲ್ಲಿ ಸ್ವಾತಂತ್ರ್ಯದ ಹೋರಾಟ ಶುರುವಾದಾಗ ಸ್ಪೇನ್ ಕಡೆಯವರು ಅದರೊಳಗೆ ಸೇರಿಕೊಂಡಿದ್ದರು. ಪಿಪಿಲಾ ಅನ್ನೋ ಗಣಿ ಕೂಲಿ ಬೆನ್ನ ಮೇಲೆ ಕಲ್ಲುಚಪ್ಪಡಿ ಹೊತ್ತು, ಗುಂಡಿನೇಟು ತಪ್ಪಿಸಿಕೊಂಡು ಹೋಗಿ ಬಾಗಿಲಿಗೆ ಬೆಂಕಿ ಇಟ್ಟನಂತೆ. ಬೆಟ್ಟದ ಮೇಲೆ ಅವನ ದೊಡ್ಡ ಪ್ರತಿಮೆ ಇದೆ. ಸಂಜೆ ಅಲ್ಲಿಗೆ ಹೋದರೆ ಇಡೀ ಊರು ಕಾಣುತ್ತದೆ.

ಕೊನೆಗೆ ಸೋಮವಾರಕ್ಕೆ 'ಮುತ್ತಿನ ಓಣಿ' ಬರೆದೆ. ಅದರ ಅಗಲ ಒಂದು ಕಡೆ ಬರೀ 68 ಸೆಂ.ಮೀ. ಎದುರುಬದುರು ಎರಡು ಬಾಲ್ಕನಿ. ಸಾಹುಕಾರನ ಮಗಳೊಬ್ಬಳು ಬಡ ಗಣಿ ಕೂಲಿಯನ್ನು ಪ್ರೀತಿಸಿದಳು, ಅಪ್ಪನೇ ಅವಳನ್ನು ಇರಿದು ಕೊಂದ ಅನ್ನೋದು ಕತೆ. ಜೋಡಿಗಳು ಅಲ್ಲಿ ಮೂರನೇ ಮೆಟ್ಟಿಲ ಮೇಲೆ ಮುತ್ತು ಕೊಟ್ಟರೆ ಏಳು ವರ್ಷ ಸುಖವಂತೆ. ಗಂಡ ಹೆಂಡತಿ ಹೋಗುವಾಗ ಇದಿಲ್ಲದೆ ಹೇಗೆ?

ತಮ್ಮನ ಹೆಂಡತಿ ವಾಯ್ಸ್ ಮೆಸೇಜ್ ಕಳಿಸಿದಳು. "ಭಾವ, ಎಲ್ಲ ಚೆನ್ನಾಗಿದೆ. ಆ ಓಣಿ ಒಂದು ಬೇಡ. ಅಲ್ಲಿ ನಿಂತು ನಗ್ತಾ ಫೋಟೊ ತೆಗೆಸಿಕೊಳ್ಳೋಕೆ ನನ್ನ ಕೈಲಾಗಲ್ಲ."

ಅವರ ಮದುವೆಯಾದ ವಾರ ಅವಳಪ್ಪ ಮಚ್ಚು ಹಿಡಿದು ನಮ್ಮ ಬೀದಿಗೆ ಬಂದಿದ್ದರು. ಇಂಥ ಸುದ್ದಿಯನ್ನು ಜಿಲ್ಲೆಯಿಂದ ನಾನೇ ಎರಡು ಸಲ ಕಳಿಸಿದ್ದೇನೆ. ಎರಡರಲ್ಲೂ ಹುಡುಗಿ ಉಳಿಯಲಿಲ್ಲ. ಆ ಊರಲ್ಲಿ ಅದು ಹಳೇ ಕತೆ, ನಮ್ಮಲ್ಲಿ ಎಫ್‌ಐಆರ್. ಓಣಿಯನ್ನು ಪಟ್ಟಿಯಿಂದ ತೆಗೆದೆ. ಸೋಮವಾರ ಬೆಳಿಗ್ಗೆ ಮಾರ್ಕೆಟ್, ಆಮೇಲೆ ವಿಮಾನ.

ಇದನ್ನೆಲ್ಲ ಪಕ್ಕದಲ್ಲಿ ಕೂತು ಕೇಳಿಸಿಕೊಂಡಿದ್ದ ಅಮ್ಮ ರಾತ್ರಿ ಊಟಕ್ಕೆ ಬಡಿಸುತ್ತಾ, "ಅಲ್ಲಿ ಅವಳಿಗೆ ತಿನ್ನೋಕೆ ಏನು ಸಿಗುತ್ತೆ?" ಅಂದಳು. "ಮುಸುಕಿನ ಜೋಳದ ರೊಟ್ಟಿ, ಕಾಳು, ಮೆಣಸಿನಕಾಯಿ ಚಟ್ನಿ ಎಲ್ಲ ಸಿಗುತ್ತಮ್ಮ. ನಮ್ಮ ಕೋಲಾರದ ಟೊಮೆಟೊ ಇದೆಯಲ್ಲ, ಆ ಹೆಸರೂ ಆ ದೇಶದ್ದೇ" ಅಂದೆ.

"ಅವಳು ಖಾರ ತಿಂತಾಳಾ?"

"ನೀನೇ ಕೇಳಮ್ಮ" ಅಂದೆ. ಇನ್ನೂ ಕೇಳಿಲ್ಲ. ಆದರೆ ಅವರು ಹೊರಡೋದು ಯಾವತ್ತು ಅಂತ ನಿನ್ನೆ ಮತ್ತೆ ವಿಚಾರಿಸಿದಳು.